ಅವರನ್ನು ಅಳಿಸಬೇಡ

ಪ್ರೀತಿಯ ಮಗು,

ನಿನ್ನ ಹಸ್ತಪ್ರತಿ ಬಂದು ಹದಿನೈದು ದಿನವಾಯಿತು. ಉತ್ತರ ತಡವಾಗಿದ್ದಕ್ಕೆ ನನ್ನ ಕಣ್ಣಿನ ಪೊರೆ ಕಾರಣ. ಸ್ವಲ್ಪ ಕೋಪವೂ ಇತ್ತು ಅಂತಿಟ್ಟುಕೋ.

ಎರಡು ಕಡೆಯಿಂದ ವಾಪಸ್ ಬಂತು, ಇನ್ನು ಬರೆಯೋದೇ ಬೇಡ ಅನ್ನಿಸಿದೆ ಅಂತ ಬರೆದಿದ್ದೀಯ. ಎರಡೇ ತಾನೇ? ಇನ್ನು ಅಧ್ಯಾಯ ಎಷ್ಟುದ್ದ ಇರಬೇಕು, ಮುನ್ನುಡಿ ಯಾರ ಕೈಲಿ ಬರೆಸಬೇಕು ಅನ್ನೋದನ್ನೆಲ್ಲ ನನ್ನ ಕೇಳಬೇಡ. ಹೇಳುವವರು ಬೇಕಾದಷ್ಟು ಜನ ಇದ್ದಾರೆ.

ಹೊಸಗನ್ನಡದ ಮೊದಮೊದಲ ಲೇಖಕಿ ನಂಜನಗೂಡು ತಿರುಮಲಾಂಬಾ ಅವರ ಎಳೆಯ ದಿನಗಳ ಮೇಲೆ ಕಾದಂಬರಿ ಬರೆಯಬೇಕು ಅಂತ ಹೊಳೆಯಿತಲ್ಲ ನಿನಗೆ, ಅದಕ್ಕೆ ಬೆನ್ನು ತಟ್ಟಬೇಕು. ನನ್ನ ವಾರಗೆಯವರಿಗೆ ಯಾರಿಗೂ ಹೊಳೆಯಲಿಲ್ಲ. ಆದರೆ ಏನು ಮಾಡಿದ್ದೀಯ ನೋಡು. 1887ರಲ್ಲಿ ಹುಟ್ಟು, 10ಕ್ಕೆ ಮದುವೆ, 14ಕ್ಕೆ ಗಂಡ ಇಲ್ಲ. ಅಲ್ಲಿಂದ ನಲವತ್ತು ಪುಟ ಬರೀ ಕಣ್ಣೀರು. ಬಳೆ ಒಡೆಯುವುದು, ಕಂಬಕ್ಕೆ ಒರಗುವುದು, ಕಪಿಲೆಯ ಹತ್ತಿರ ಗೋಳು ಹೇಳಿಕೊಳ್ಳುವುದು. ಆಮೇಲೆ ಒಂದೇ ಸಾಲು: ‘ಕಾಲ ಉರುಳಿತು.’ ಪುಟ ತಿರುಗಿಸಿದರೆ 1913, ಅವರ ಕಾದಂಬರಿ ‘ಸುಶೀಲೆ’ ಅಚ್ಚಾಗಿ ಬಂದಿದೆ!

ನಡುವಿನ 12 ವರ್ಷ ಎಲ್ಲಿ ಹೋಯಿತು ಮಾರಾಯ್ತಿ? ಅಳಿಸು ಅನ್ನೋದಕ್ಕೆ ಕನ್ನಡದಲ್ಲಿ ಎರಡು ಅರ್ಥ. ನೀನು ಎರಡನ್ನೂ ಮಾಡಿದ್ದೀಯ.

ಬೈಯುವ ಹಕ್ಕು ನನಗಿದೆ. ಇದೇ ತಪ್ಪು ಮಾಡಿ ನಾನು ಪ್ರಶಸ್ತಿ ತಗೊಂಡವಳು. ನಮ್ಮ ಮನೆಯಲ್ಲಿ ಒಬ್ಬರು ಸೋದರತ್ತೆ ಇದ್ದರು, ಹದಿನಾರಕ್ಕೇ ಗಂಡ ಕಳೆದುಕೊಂಡವರು. ನನ್ನ ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ಅವರ ಮೇಲೊಂದು ಕತೆ ಬರೆದೆ. ಕತೆ ಪೂರ್ತಿ ಹಿತ್ತಲಲ್ಲಿ ಕೂತು ಬಿಕ್ಕುತ್ತಾರೆ. ಸ್ಪರ್ಧೆಯಲ್ಲಿ ಮೊದಲನೇ ಬಹುಮಾನ ಬಂತು. ‘ಕರುಳು ಹಿಂಡಿತು’ ಅಂತ ಕಾಗದ ಬರೆದವರೆಷ್ಟು ಜನ! ಅತ್ತೆ ಪತ್ರಿಕೆ ಇಸಕೊಂಡು ಹೋಗಿ ಓದಿದರು. ಮಾರನೇ ದಿನ ನಾನು ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಅದನ್ನು ಮೊರದ ಪಕ್ಕ ಇಟ್ಟು, “ನಾನು ಯಾವತ್ತೇ ಹಿಂಗೆ ಅತ್ತೆ?” ಅಂದರು. ಅಷ್ಟೇ. ಒಳಗೆ ಹೋದರು.

ಅವರು ತೀರಿಕೊಂಡ ಮೇಲೆ ಅಕ್ಕಿ ಡಬ್ಬದ ಹಿಂದೆ ಹದಿನೇಳು ಪತ್ತೇದಾರಿ ಕಾದಂಬರಿ ಸಿಕ್ಕವು. ಕೊಲೆಗಾರ ಯಾರು ಅಂತ ಪೆನ್ಸಿಲಿನಲ್ಲಿ ಊಹೆ ಬರೆದಿಟ್ಟಿದ್ದರು. ಎರಡು ಕಡೆ ‘ಸುಳ್ಳು, ಹೀಗಾಗಲ್ಲ’ ಅಂತ ಲೇಖಕರಿಗೇ ಬೈದಿದ್ದರು. ಒಂದೇ ಮನೆಯಲ್ಲಿ ಇಪ್ಪತ್ತು ವರ್ಷ ಇದ್ದೆ. ಮಧ್ಯಾಹ್ನ ಏನು ಮಾಡ್ತೀರಿ ಅತ್ತೆ ಅಂತ ಒಂದು ದಿನ ಕೇಳಿರಲಿಲ್ಲ. ಕೇಳದೆ ಬಹುಮಾನ ತಗೊಂಡೆ.

ಈಗ ತಿರುಮಲಾಂಬಾ ಅವರ ಹತ್ತಿರ ಬಾ. ತಂದೆ ವಕೀಲರು. ಮಗಳು ಓದುವುದಕ್ಕೆ ಒತ್ತಾಸೆಯಾಗಿ ನಿಂತವರು. ಅವರನ್ನು ನೀನು ಬಾಗಿಲಲ್ಲಿ ನಿಲ್ಲಿಸಿ ನಿಟ್ಟುಸಿರು ಬಿಡಿಸಿದ್ದೀಯ. ಆ ಕಾಲದಲ್ಲಿ ವಿಧವೆ ಮಗಳ ಕೈಗೆ ಪುಸ್ತಕ ಕೊಟ್ಟ ಅಪ್ಪನಿಗೆ ಊರವರು ಏನೆಂದಿರಬೇಡ? ಅಪ್ಪ ಮಗಳು ಒಂದು ಪುಸ್ತಕದ ಬಗ್ಗೆ ಜಗಳ ಆಡುವ ದೃಶ್ಯ ಒಂದಾದರೂ ಬೇಡವಾ?

1913ರಲ್ಲಿ ಸ್ವಂತ ಗ್ರಂಥಮಾಲೆ ಶುರು ಮಾಡಿದರು. ಹೆಸರು ‘ಸತಿಹಿತೈಷಿಣಿ’. ಗಂಡ ಹೋಗಿ ಹನ್ನೆರಡು ವರ್ಷವಾದ ಹೆಣ್ಣು ಇಟ್ಟ ಹೆಸರು ಇದು! ನಾನಾಗಿದ್ದರೆ ಈ ಹೆಸರಿನ ಮೇಲೇ ಐವತ್ತು ಪುಟ ಬರೆಯುತ್ತಿದ್ದೆ. ನೀನು ಒಂದು ಸಾಲಲ್ಲಿ ದಾಟಿದ್ದೀಯ. ಆಮೇಲೆ ‘ಕರ್ನಾಟಕ ನಂದಿನಿ’ ಅಂತ ಮಾಸಪತ್ರಿಕೆ ನಡೆಸಿದರು. ಪತ್ರಿಕೆ ಅಂದಮೇಲೆ ಕರಡು ತಿದ್ದಬೇಕು, ಚಂದಾ ವಸೂಲಿ ಮಾಡಬೇಕು, ಅಂಚೆಗೆ ಹಾಕಬೇಕು. ಅಳುತ್ತಾ ಕೂತರೆ ಮುಂದಿನ ಸಂಚಿಕೆ ಬರುತ್ತಾ?

ಅವರ ಕಾದಂಬರಿಗಳಲ್ಲಿ ಪಾತಿವ್ರತ್ಯದ ಉಪದೇಶ ಜಾಸ್ತಿ. ಹತ್ತು ಪುಟಕ್ಕೇ ನನಗೆ ಆಕಳಿಕೆ ಬರುತ್ತೆ, ಸುಳ್ಳು ಯಾಕೆ ಹೇಳಲಿ. ನೀನು ಅದನ್ನೂ ಮುಚ್ಚಿಟ್ಟು ಅವರನ್ನು ಇವತ್ತಿನ ಹೋರಾಟಗಾರ್ತಿ ಮಾಡಿದ್ದೀಯ. ಬೇಡ. ಉಪದೇಶ ಮಾಡುವ ಹೆಂಗಸು, ಲೆಕ್ಕ ಇಡುವ ಹೆಂಗಸು, ಸ್ವಂತ ಬದುಕಿನ ಬಗ್ಗೆ ಬಾಯಿ ಬಿಡದ ಹೆಂಗಸು, ಮೂವರನ್ನೂ ಒಂದೇ ಮನೆಯಲ್ಲಿ ಇರಿಸು. ಆಗ ಕಾದಂಬರಿ ತಾನಾಗಿ ಏಳುತ್ತೆ.

ಅವರು ಹೋಗಿದ್ದು 1982ರಲ್ಲಿ, 95ನೇ ವಯಸ್ಸಿನಲ್ಲಿ. ವಿಮರ್ಶಕಿ ಸಿ.ಎನ್. ಮಂಗಳಾ ಅವರಂಥವರು ನೆನಪಿಸದಿದ್ದರೆ ನಾವು ಮರೆತೇ ಇರುತ್ತಿದ್ದೆವು. ನಾನಾಗ ಹೆಸರು ಮಾಡಿದ ಲೇಖಕಿ, ಮಹಿಳಾ ಸಾಹಿತ್ಯದ ಮೇಲೆ ಭಾಷಣ ಬಿಗಿಯುತ್ತಿದ್ದವಳು. ಅವರು ಬದುಕಿದ್ದಾರೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಹೋಗಿ ಕಾಲ ಬಳಿ ಕೂತು ಎರಡು ಮಾತು ಕೇಳಬಹುದಿತ್ತು. ಅದೂ ಹೋಯಿತು.

ಹಸ್ತಪ್ರತಿ ವಾಪಸ್ ಕಳಿಸಿದ್ದೇನೆ. ಮೂರನೇ ಸಲ ಅಂತ ಅಳಬೇಡ. ‘ಕಾಲ ಉರುಳಿತು’ ಅನ್ನೋದನ್ನು ಹೊಡೆದು ಹಾಕಿ, ಅಲ್ಲಿಗೆ ಹನ್ನೆರಡು ಖಾಲಿ ಹಾಳೆ ಪಿನ್ ಮಾಡಿದ್ದೇನೆ. ಒಂದು ಸಲ ನಂಜನಗೂಡಿಗೆ ಹೋಗಿ ಬಾ, ದೇವಸ್ಥಾನ ನೋಡಿ ಓಡಿ ಬರಬೇಡ, ಹಳೇ ಬೀದಿಗಳಲ್ಲಿ ಸುಮ್ನೆ ಸುತ್ತಾಡು. ರಸಬಾಳೆ ಸಿಕ್ಕರೆ ನನಗೆ ಒಂದು ಚಿಪ್ಪು ತಾ. ಅಸಲಿದು ಈಗ ಅಪರೂಪ. ಸಿಗದಿದ್ದರೆ ಬರಿಗೈಲಾದರೂ ಊಟದ ಹೊತ್ತಿಗೆ ಬಾ.

ನಿನ್ನ
ಅಮ್ಮ