ಮಳೆಕಾಡಿನ ಚಾರಣವನ್ನು ಗಂಟೆಗಳಲ್ಲಿ ಅಳೆಯಿರಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಈಚೆಗೆ ಪ್ರಕಟವಾದ ಬೋರ್ನಿಯೊ ದ್ವೀಪದ ಮಳೆಕಾಡುಗಳ ಕುರಿತ ಲೇಖನವನ್ನು ಆಸಕ್ತಿಯಿಂದ ಓದಿದೆ. ಮಂಗಟ್ಟೆ ಹಕ್ಕಿಗಳ ರೆಕ್ಕೆಯ ಸದ್ದನ್ನೂ ಮರದ ತುದಿಯಲ್ಲಿ ಗೂಡು ಕಟ್ಟುವ ಒರಾಂಗುಟಾನ್‌ಗಳನ್ನೂ ಲೇಖಕರು ಸೊಗಸಾಗಿ ವರ್ಣಿಸಿದ್ದಾರೆ. ಆದರೆ ಲೇಖನದ ಕೊನೆಯಲ್ಲಿ ಕಾಡಿನ ದಾರಿಯನ್ನು ‘ನಾಲ್ಕೇ ಕಿಲೋಮೀಟರಿನ ಸುಲಭ ನಡಿಗೆ’ ಎಂದು ಕರೆದಿರುವುದು ನನಗೆ ಕಳವಳ ತಂದಿತು. ಅದೇ ದ್ವೀಪದಲ್ಲಿ, ಮಲೇಷ್ಯಾದ ಸಬಾ ರಾಜ್ಯಕ್ಕೆ ಸೇರಿದ ಡಾನಮ್ ಕಣಿವೆಯಲ್ಲಿ, ಅಷ್ಟೇ ದೂರವನ್ನು ನಡೆಯಲು ನನಗೆ ಸುಮಾರು ಐದು ಗಂಟೆ ಹಿಡಿಯಿತು. ನಿತ್ಯ ಬೆಳಿಗ್ಗೆ ಒಂದು ಗಂಟೆ ಬಿರುಸಾಗಿ ನಡೆಯುವ ಅಭ್ಯಾಸವಿರುವ ನಾನು ಆ ನಾಲ್ಕು ಕಿಲೋಮೀಟರ್ ಎಂಬ ಮಾತನ್ನು ನಂಬಿಯೇ ಹೊರಟಿದ್ದೆ.

ಹೊತ್ತು ಹೋದದ್ದು ಎಲ್ಲಿ ಎಂಬುದನ್ನು ಹೇಳುತ್ತೇನೆ. ಮೊದಲ ಅರ್ಧ ಗಂಟೆಯಲ್ಲೇ ದಾರಿಗೆ ಅಡ್ಡಲಾಗಿ ಸೊಂಟಕ್ಕಿಂತ ಎತ್ತರದ ಮರವೊಂದು ಉರುಳಿ ಬಿದ್ದಿತ್ತು. ಪಾಚಿ ಹಿಡಿದ ಅದರ ಮೈಮೇಲೆ ಹೊಟ್ಟೆ ಊರಿ ಹತ್ತಿ ಆಚೆ ಇಳಿಯುವಷ್ಟರಲ್ಲಿ ಬೆತ್ತದ ಬಳ್ಳಿಯ ಕೊಕ್ಕೆಮುಳ್ಳು ನನ್ನ ತೋಳಿಗೆ ಸಿಕ್ಕಿಕೊಂಡಿತು. ಎಳೆದಷ್ಟೂ ಅದು ಬಟ್ಟೆಯೊಳಕ್ಕೆ ಹೊಕ್ಕಿತು. ಮುಂದೆ ಹೋಗಬೇಡಿ, ಒಂದು ಹೆಜ್ಜೆ ಹಿಂದೆ ಬನ್ನಿ ಎಂದು ಮಾರ್ಗದರ್ಶಿ ಹೇಳಿದರು. ಹಿಂದೆ ಸರಿದ ಕೂಡಲೇ ಮುಳ್ಳು ತಾನಾಗಿ ಬಿಟ್ಟುಕೊಟ್ಟಿತು. ಇಂಥ ತಡೆಗಳು ಆ ದಿನ ಎಷ್ಟು ಬಂದವೋ ಲೆಕ್ಕವಿಲ್ಲ. ನಡುನಡುವೆ ನಿಂತು ಇಂಬಳಗಳನ್ನು ಕಿತ್ತು ಬಿಸಾಡಬೇಕಾಗುತ್ತಿತ್ತು. ನೆಲದ ತರಗೆಲೆಗಳ ಮೇಲಿರುವ ಕಂದು ಇಂಬಳಗಳು ಕಾಲಿಗೆ ಹತ್ತಿದರೆ, ಮೈಮೇಲೆ ಪಟ್ಟೆಗಳಿರುವ ಹುಲಿ ಇಂಬಳಗಳು ಪೊದೆಗಳ ಎಲೆಯ ತುದಿಯಲ್ಲಿ ಕಾದಿದ್ದು ಸೊಂಟ, ತೋಳುಗಳಿಗೆ ಅಂಟಿಕೊಳ್ಳುತ್ತವೆ. ಪ್ಯಾಂಟಿನ ಮೇಲೆ ಮೊಣಕಾಲಿನವರೆಗೆ ಕಟ್ಟಿಕೊಳ್ಳುವ ಒತ್ತು ನೇಯ್ಗೆಯ ಕಾಲುಚೀಲ ಮೊದಲನೆಯದಕ್ಕೆ ಸಾಕು. ಎರಡನೆಯದಕ್ಕೆ ಕಣ್ಣೇ ಕಾವಲು.

ಸೆಕೆಯದು ಬೇರೆಯೇ ಸಂಗತಿ. ಅಲ್ಲಿನ ಗಾಳಿಯಲ್ಲಿ ತೇವಾಂಶ ಎಷ್ಟಿರುತ್ತದೆಂದರೆ ಸುರಿದ ಬೆವರು ಆರುವುದೇ ಇಲ್ಲ, ಬೆವರು ಆರದಿದ್ದರೆ ಮೈ ತಂಪಾಗುವುದಿಲ್ಲ. ನೆರಳಿನಲ್ಲೇ ನಡೆಯುತ್ತಿದ್ದೇವೆಂಬ ಸಮಾಧಾನ ಆದ್ದರಿಂದ ಹುಸಿಯಾದದ್ದು. ನಮ್ಮ ಗುಂಪಿನ ಆರೋಗ್ಯವಂತ ಯುವಕರೊಬ್ಬರು ಮೂರನೆಯ ಗಂಟೆಗೆ ತಲೆಸುತ್ತಿ ಕುಳಿತರು. ಅವರ ಬಾಟಲಿಯಲ್ಲಿ ನೀರು ಮುಗಿದು ಬಹಳ ಹೊತ್ತಾಗಿತ್ತು. ಪ್ರವಾಸ ಏರ್ಪಡಿಸಿದ್ದ ಸಂಸ್ಥೆಯವರು ಎರಡು ಗಂಟೆಯ ನಡಿಗೆ, ಒಂದು ಬಾಟಲಿ ಸಾಕು ಎಂದು ಹೇಳಿ ಕಳುಹಿಸಿದ್ದರು. ಮಾರ್ಗದರ್ಶಿಯ ಬಳಿ ಹೆಚ್ಚಿನ ನೀರೂ ಉಪ್ಪು ಸಕ್ಕರೆ ಬೆರೆಸಿದ ಪುಡಿಯೂ ಇಲ್ಲದಿದ್ದರೆ ಅವರ ಗತಿ ಏನಾಗುತ್ತಿತ್ತೋ ಎಂದು ಈಗಲೂ ಯೋಚಿಸುತ್ತೇನೆ.

ಗಂಟೆಗಳ ಲೆಕ್ಕಕ್ಕೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಮುಖ್ಯ ಕಾರಣ ಕತ್ತಲು. ಭೂಮಧ್ಯರೇಖೆಯ ಸಮೀಪದ ಆ ಸೀಮೆಯಲ್ಲಿ ವರ್ಷವಿಡೀ ಸಂಜೆ ಆರರ ಆಸುಪಾಸಿನಲ್ಲಿ ಸೂರ್ಯ ಮುಳುಗುತ್ತಾನೆ, ಮುಸ್ಸಂಜೆ ಎಂಬುದು ಅಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಡಾನಮ್ ಕಣಿವೆಯಲ್ಲೇ 100.8 ಮೀಟರ್ ಎತ್ತರದ ಹಳದಿ ಮೆರಂಟಿ ಮರವೊಂದನ್ನು ಅಳೆದಿರುವುದಾಗಿ ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದರು. ಅಂಥ ಮಹಾವೃಕ್ಷಗಳ ಕೆಳಗೆ, ಅವುಗಳಿಗಿಂತ ಗಿಡ್ಡವಾದ ಮರಗಳ ಮತ್ತೆರಡು ಮೂರು ಪದರಗಳ ಕೆಳಗೆ ನಡೆಯುವವನಿಗೆ ಮಧ್ಯಾಹ್ನವೇ ಮಬ್ಬು. ಐದು ಗಂಟೆಗೆ ಬೇರು ಯಾವುದು, ಕಲ್ಲು ಯಾವುದು ಎಂದು ತಿಳಿಯದಾಗುತ್ತದೆ. ದಟ್ಟ ಎಲೆಚಾವಣಿಯಡಿ ಮೊಬೈಲಿನ ಜಿಪಿಎಸ್ ಕೂಡ ತಪ್ಪು ತೋರಿಸಬಹುದು. ಮಧ್ಯಾಹ್ನ ಮೂರಕ್ಕೆ ‘ಎರಡು ಗಂಟೆಯ ದಾರಿ’ ಎಂದು ಹೊರಟವರು ದಾರಿ ತಪ್ಪುವುದಕ್ಕೆ ಇನ್ನೇನು ಬೇಕು?

ಹೊತ್ತು ಮೀರಿತೆಂಬ ಅವಸರದಿಂದ ಕಾಡಿಗೂ ಹಾನಿಯಿದೆ. ಕೆಸರನ್ನು ತಪ್ಪಿಸಲು, ಹತ್ತಿರದ ದಾರಿ ಹುಡುಕಲು ಜನ ಪಕ್ಕದ ಪೊದೆಗಳಿಗೆ ಕಾಲಿಡುತ್ತಾರೆ. ಬೋರ್ನಿಯೊದ ಕಾಡುಗಳಲ್ಲಿ ಬೆಳೆಯುವ ರಫ್ಲೇಸಿಯಾದ ಮೊಗ್ಗು ನೆಲಕ್ಕಂಟಿದ ಕಂದು ಎಲೆಕೋಸಿನಂತೆ ಕಾಣುತ್ತದೆ. ಅದು ಅರಳಲು ತಿಂಗಳುಗಟ್ಟಲೆ ಬೇಕು, ಅರಳಿದ ಹೂವು ಉಳಿಯುವುದು ಒಂದು ವಾರದಷ್ಟು ಮಾತ್ರ. ಅಂಥ ಮೊಗ್ಗನ್ನು ತುಳಿಯಲು ಒಂದು ಹೆಜ್ಜೆ ಸಾಕು.

ಲೇಖನದಲ್ಲಿ ಕಾಡಿನ ಹೊಳೆಯಲ್ಲಿ ಈಜುವ ಆಹ್ವಾನವೂ ಇತ್ತು. 2000ದಲ್ಲಿ ಸಬಾದಲ್ಲಿ ನಡೆದ ಇಕೋ ಚಾಲೆಂಜ್ ಸಾಹಸ ಸ್ಪರ್ಧೆಯ ಬಳಿಕ ಅನೇಕ ಸ್ಪರ್ಧಿಗಳು ತಮ್ಮ ದೇಶಗಳಿಗೆ ಮರಳಿ ಜ್ವರದಿಂದ ಮಲಗಿದರು. ತನಿಖೆ ಮಾಡಿದವರು ಅದನ್ನು ಇಲಿ ಜ್ವರವೆಂದು ಗುರುತಿಸಿ, ಸೆಗಾಮಾ ನದಿಯಲ್ಲಿ ಈಜಿದ್ದಕ್ಕೂ ಅದಕ್ಕೂ ನಂಟಿದೆ ಎಂದು ಕಂಡುಕೊಂಡರು. ತರಚಿದ ಗಾಯವಿದ್ದವರು ನೀರಿಗಿಳಿಯದಿರುವುದೂ, ಮರಳಿದ ಮೇಲೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದೆವೆಂದು ವೈದ್ಯರಿಗೆ ಮೊದಲೇ ತಿಳಿಸುವುದೂ ಒಳ್ಳೆಯದು.

ಇಂಥ ಲೇಖನಗಳು ಬರಬಾರದೆಂಬುದು ನನ್ನ ಅಭಿಪ್ರಾಯವಲ್ಲ. ಅವುಗಳನ್ನು ಓದಿಯೇ ನಾನೂ ಆ ಕಾಡಿಗೆ ಹೋದವನು, ಅವಕಾಶ ಸಿಕ್ಕರೆ ಮತ್ತೆ ಹೋಗುವವನು. ಆದರೆ ಮಳೆಕಾಡಿನ ಯಾವುದೇ ದಾರಿಯನ್ನು ಪರಿಚಯಿಸುವಾಗ ಮೊದಲ ಸಲ ಬಂದವರಿಗೆ ಅದು ಎಷ್ಟು ಗಂಟೆ ಹಿಡಿಯುತ್ತದೆ, ಎಷ್ಟು ಹೊತ್ತಿನ ನಂತರ ಹೊರಡಬಾರದು, ಸ್ಥಳೀಯ ಮಾರ್ಗದರ್ಶಿ ಕಡ್ಡಾಯವೇ, ತಲಾ ಎಷ್ಟು ನೀರು ಒಯ್ಯಬೇಕು ಎಂಬ ವಿವರಗಳನ್ನು ಕಿಲೋಮೀಟರಿನ ಪಕ್ಕದಲ್ಲೇ ಅಚ್ಚು ಹಾಕಬೇಕೆಂದು ತಮ್ಮನ್ನು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ