ಮಗಳಿಗೊಂದು ಪತ್ರ: ಜಿಮ್ ಬಿಟ್ಟರೂ ಆಟ ಬಿಡಬೇಡ

ಪ್ರೀತಿಯ ಪುಟ್ಟಿ,

ಜಿಮ್‌ಗೆ ದುಡ್ಡು ಕಟ್ಟಿಬಿಟ್ಟಿದ್ದೀನಿ, ಹೋಗಲೇಬೇಕು, ಹೋಗಿ ಬಂದರೆ ಸುಸ್ತಿನ ಜೊತೆ ಸಿಟ್ಟೂ ಬರುತ್ತೆ ಅಂದೆಯಲ್ಲ ಫೋನಿನಲ್ಲಿ. ಮೈ ಬೆವರಿದರೆ ಮನಸ್ಸು ಹಗುರಾಗುತ್ತದೆ ಅಂತಾರೆ, ನನಗೆ ಮಾತ್ರ ಯಾಕಿಲ್ಲ ಅನ್ನೋದು ನಿನ್ನ ಪ್ರಶ್ನೆ.

ಇಲ್ಲಿ ಈಗ ರೊಬಸ್ಟಾ ಕಾಫಿ ಕೊಯ್ಲು. ಬೆಳಿಗ್ಗೆಯಿಂದ ರೆಂಬೆ ಬಗ್ಗಿಸಿ, ಹಣ್ಣು ಉದುರಿಸಿ, ಚೀಲ ಹೊತ್ತು ಸಂಜೆ ತೂಕಕ್ಕೆ ನಿಂತವರ ಮುಖದಲ್ಲಿ ನಗು ಹುಡುಕಬೇಕು. ಮೈ ದಂಡಿಸಿದ್ದಕ್ಕೇ ಖುಷಿ ಬರುವುದಾದರೆ ಇಡೀ ಕೊಡಗಿನಲ್ಲಿ ಅವರಷ್ಟು ಖುಷಿಯಾಗಿ ಯಾರೂ ಇರುತ್ತಿರಲಿಲ್ಲ. ಅದೇ ಹುಡುಗರು ಕೈಕಾಲು ತೊಳೆದು ಕಣದ ಪಕ್ಕ ವಾಲಿಬಾಲ್ ನೆಟ್ ಕಟ್ಟುತ್ತಾರೆ. ಕತ್ತಲಾಗಿ ಬಾಲ್ ಕಾಣದಿದ್ದರೂ ಬಿಡುವುದಿಲ್ಲ. ಬಾಲ್ ಗೆರೆ ಮೇಲೆ ಬಿತ್ತೋ ಹೊರಗೆ ಬಿತ್ತೋ ಅಂತ ಜಗಳ ಬೇರೆ. ಆಗ ನೋಡಬೇಕು ಅವರ ಮುಖ! ಸಂಶೋಧಕರು ನೋಡಿದಾಗಲೂ ಹೀಗೇ ಕಂಡಿದೆ. ಬಿಡುವಿನಲ್ಲಿ ಆಡುವುದಕ್ಕೂ ಒಳ್ಳೆಯ ಮನಸ್ಥಿತಿಗೂ ನಂಟಿದೆ, ಕೆಲಸದಲ್ಲಿ ಮೈ ಬಗ್ಗಿಸುವುದಕ್ಕೆ ಆ ನಂಟು ಅಷ್ಟಾಗಿ ಕಾಣುವುದಿಲ್ಲ.

ನಿನಗೆ ಜಿಮ್ ಎರಡನೇ ಶಿಫ್ಟ್ ಆಗಿಬಿಟ್ಟಿದೆ ಅಂತ ನನ್ನ ಅನುಮಾನ.

2024ರಲ್ಲಿ ನಾಪೋಕ್ಲಿನ ಹಾಕಿ ಹಬ್ಬಕ್ಕೆ ಹೋಗಿದ್ದೆವಲ್ಲ, ನೆನಪಿದೆಯಾ? 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಆ ಪಂದ್ಯಾವಳಿಗೆ ಆ ವರ್ಷ 360 ತಂಡ. ಒಂದೇ ತಂಡದಲ್ಲಿ ಅಜ್ಜ, ಸೊಸೆ, ಶಾಲೆಗೆ ಹೋಗುವ ಹುಡುಗಿ. ಸೋತು ಹೊರಬಂದವರೂ ಬೆವರು ಒರೆಸಿಕೊಂಡು ನಗುತ್ತಾ ಊಟದ ಕಡೆ ನಡೆದರು. ಕ್ಯಾಲೊರಿ ಲೆಕ್ಕ ಯಾರ ತಲೆಯಲ್ಲೂ ಇರಲಿಲ್ಲ ಬಿಡು.

ವೇಗವನ್ನೂ ಸ್ವಲ್ಪ ನೋಡಿಕೋ. ಮಾತಾಡಲು ಆಗದಷ್ಟು ಏದುಸಿರು ಬಂದರೆ ಹೆಚ್ಚಿನವರಿಗೆ ಆ ಹೊತ್ತಿನಲ್ಲಿ ಹಿತ ಅನ್ನಿಸುವುದಿಲ್ಲ. ಹಿತ ಅನ್ನಿಸದಿದ್ದರೆ ನಾಳೆ ಹೋಗಲು ಕಾಲು ಬರುವುದಿಲ್ಲ. ಇನ್ನೊಂದು ತಮಾಷೆ ಕೇಳು. ಹೋಗುವ ಮುಂಚೆ 'ಅಯ್ಯೋ, ಬೇಜಾರು' ಅನ್ನಿಸುವುದು ನಿನಗೊಬ್ಬಳಿಗೇ ಅಲ್ಲ. ಎಷ್ಟು ಖುಷಿ ಸಿಗಬಹುದು ಅಂತ ಜನ ಮೊದಲೇ ಅಂದಾಜು ಮಾಡಿದ್ದಕ್ಕಿಂತ ಮಾಡಿದ ಮೇಲೆ ಜಾಸ್ತಿಯೇ ಸಿಕ್ಕಿದ್ದು ಕಂಡಿದೆ. ಶುರುವಿನ ಕಷ್ಟದ ನಿಮಿಷಗಳೇ ಕಣ್ಣ ಮುಂದೆ ನಿಲ್ಲುತ್ತವೆ, ಅದಕ್ಕೇ ಅಂದಾಜು ತಪ್ಪುತ್ತದೆ. ಹಾಗಾಗಿ ಹೊಸದೊಂದಕ್ಕೆ ಹೋದ ದಿನ ಬಾಗಿಲಲ್ಲೇ ನಿಂತು ಬೇಡ ಅನ್ನಬೇಡ. ಒಂದಷ್ಟು ಹೊತ್ತು ಆಡಿ ಆಮೇಲೆ ಹೇಳು.

ವಾರಕ್ಕೆ 150 ನಿಮಿಷ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಕನಿಷ್ಠ ಲೆಕ್ಕ. ಅದೂ ಬಿರುಸಿನ ನಡಿಗೆಯಂಥದ್ದು. ಟ್ರೆಡ್‌ಮಿಲ್ಲೇ ಆಗಬೇಕು ಅಂತ ಅವರೇನೂ ಹೇಳಿಲ್ಲ. ಆದರೆ ವಾರಗಟ್ಟಲೆ ಏನೂ ಬೇಡ ಅನ್ನಿಸಿ, ನಿದ್ದೆ, ಊಟವೂ ಕೆಟ್ಟರೆ ಸುಮ್ನೆ ಕೂರಬೇಡ, ಡಾಕ್ಟರ್ ಹತ್ತಿರ ಹೋಗು. ಆಗ ಆಟವೊಂದೇ ಸಾಲದು.

ನಿನ್ನ ಹಳೇ ಬ್ಯಾಡ್ಮಿಂಟನ್ ರಾಕೆಟ್ ಅಟ್ಟದ ಮೇಲೇ ಇದೆ. ಒಂದೆರಡು ತಂತಿ ಸಡಿಲ, ಹಿಡಿಯ ಟೇಪ್ ಕಿತ್ತು ಬಂದಿದೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಕೋರ್ಟ್ ಇದೆ ಅಂದಿದ್ದೆ ಅಲ್ವಾ? ಮಡಿಕೇರಿಯಲ್ಲೇ ರಿಪೇರಿ ಮಾಡಿಸಿ ಕಾಫಿಪುಡಿ ಜೊತೆ ಬಸ್ಸಿಗೆ ಹಾಕಲಾ, ಇಲ್ಲ ನೀನೇ ಬಂದು ಒಯ್ಯುತ್ತೀಯಾ?

ನಿನ್ನ
ಅಮ್ಮ