ಚಿತ್ರದ ಕೆಳಗೆ ಐದು ಹೆಸರೂ ಇರಲಿ

ಮಾನ್ಯ ಸಂಪಾದಕರಿಗೆ,

ನವೆಂಬರ್ 14 ಹತ್ತಿರ ಬರುತ್ತಿದೆ. ಮಕ್ಕಳ ದಿನಾಚರಣೆಯ ಚಿತ್ರಕಲಾ ಸ್ಪರ್ಧೆಗಳ ಕರಪತ್ರ ನಮ್ಮ ಶಾಲೆಗೂ ಬಂದಿವೆ. ಒಂದು ಮಗುವಿಗೆ ಒಂದು ಹಾಳೆ, ಒಂದು ಗಂಟೆ ಟೈಮು, ಕೊನೆಗೆ ಮೂರು ಬಹುಮಾನ. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಇದು ಬೇಡ ಎಂದು ಹೇಳಲು ಈ ಪತ್ರ ಬರೆಯುತ್ತಿದ್ದೇನೆ. ಅದರ ಬದಲು ನಾಲ್ಕೈದು ಮಕ್ಕಳು ಸೇರಿ ಒಂದೇ ದೊಡ್ಡ ಹಾಳೆಯ ಮೇಲೆ ಚಿತ್ರ ಬಿಡಿಸಲಿ.

ನಾನು ಸಾಗರ ತಾಲ್ಲೂಕಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ. ಚಿತ್ರಕಲೆ ಓದಿದವಳಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಚಿತ್ರಕಲೆಗೆ ಅರೆಕಾಲಿಕ ಶಿಕ್ಷಕರ ಮಾತು ಬರುವುದು ಆರರಿಂದ ಎಂಟನೇ ತರಗತಿಗೆ. ಅದೂ ನೂರಕ್ಕಿಂತ ಜಾಸ್ತಿ ಮಕ್ಕಳಿದ್ದರೆ. ಇಬ್ಬರೇ ಟೀಚರ್ ಇರುವ ನಮ್ಮಂಥ ಶಾಲೆಗೆ ಡ್ರಾಯಿಂಗ್ ಮೇಷ್ಟ್ರು ಎಲ್ಲಿಂದ ಬರಬೇಕು? ಹಾಗಾಗಿ ಚಿತ್ರ ಬಿಡಿಸಿಸುವುದೂ ನಮ್ಮದೇ ಕೆಲಸ.

ನಾವು ಮಾಡುವುದು ಹೀಗೆ. ಕಂದು ಬಣ್ಣದ ಪ್ಯಾಕಿಂಗ್ ಹಾಳೆಗಳನ್ನು ಮೈದಾ ಅಂಟಿನಲ್ಲಿ ಜೋಡಿಸಿ ಜಗಲಿಯ ಮೇಲೆ ಹಾಸುತ್ತೇವೆ. ಗೋಡೆಗೆ ಅಂಟಿಸಿದರೆ ಎತ್ತರದ ಮಕ್ಕಳೇ ಮುಂದೆ ನಿಲ್ಲುತ್ತಾರೆ. ನೆಲದ ಮೇಲಾದರೆ ನಾಲ್ಕೂ ಕಡೆಯಿಂದ ಕೂರಬಹುದು. ಈ ವರ್ಷದ ವಿಷಯ ‘ಶಾಲೆಗೆ ಬರುವ ದಾರಿ’. ಮಧ್ಯದಲ್ಲಿ ಶಾಲೆ. ಪ್ರತಿ ಮಗುವೂ ತನ್ನ ಮನೆಯಿಂದ ದಾರಿ ಎಳೆದುಕೊಂಡು ಬರಬೇಕು. ಅಡಿಕೆ ತೋಟ, ಕಾಲುಸಂಕ, ನ್ಯಾಯಬೆಲೆ ಅಂಗಡಿ, ಬಸ್ ಸ್ಟಾಪು ಎಲ್ಲ ಬಂದವು. ಮೂರನೇ ತರಗತಿಯ ಹುಡುಗಿಯೊಬ್ಬಳು ದಾರಿಯಲ್ಲಿ ಸಿಗುವ ನಾಯಿಯನ್ನು ಮನೆಗಿಂತ ದೊಡ್ಡದಾಗಿ ಬಿಡಿಸಿದಳು. ಅವಳಿಗೆ ಅದನ್ನು ಕಂಡರೆ ಅಷ್ಟು ಹೆದರಿಕೆ.

ಸ್ವಲ್ಪ ಹೊತ್ತಿಗೆ ಜಗಳ ಶುರು. ‘ನಿನ್ನ ರಸ್ತೆ ನಮ್ಮ ಗದ್ದೆ ಮೇಲೆ ಹೋಯ್ತು.’ ‘ಹಳ್ಳ ಆ ಕಡೆ ಇದೆ ಕಣೋ, ಈ ಕಡೆ ಅಲ್ಲ.’ ನಾನು ಮಧ್ಯೆ ಹೋಗಲಿಲ್ಲ. ಜಗಳ ಮಾಡುತ್ತಲೇ ಅವರು ಎಡ, ಬಲ, ಹತ್ತಿರ, ದೂರ ಎಲ್ಲ ಲೆಕ್ಕ ಹಾಕಿದರು. ಪರಿಸರ ಅಧ್ಯಯನದ ಪಾಠದಲ್ಲಿ ನಾನು ಬೋರ್ಡಿನ ಮೇಲೆ ಬರೆದು ಹೇಳುವುದೂ ಇದನ್ನೇ ಅಲ್ವಾ?

ತೋಟದ ಕೆಲಸಕ್ಕೆಂದು ಬೇರೆ ರಾಜ್ಯದಿಂದ ಬಂದವರ ಮಗನೊಬ್ಬ ನಮ್ಮಲ್ಲಿದ್ದಾನೆ. ಅವನಿಗೆ ಕನ್ನಡ ಇನ್ನೂ ಪೂರ್ತಿ ಬರುವುದಿಲ್ಲ. ಅವನು ರೈಲು ಬಿಡಿಸಿದ. ‘ರೈಲು ತಾಳಗುಪ್ಪದಲ್ಲೇ ನಿಲ್ತದೆ, ಮುಂದೆ ಹಳಿ ಇಲ್ಲ’ ಎಂದು ಉಳಿದವರು ತಿದ್ದಲು ಹೋದರು. ಅವನು ತಲೆ ಅಲ್ಲಾಡಿಸಿ ಹಳಿಯನ್ನು ಇನ್ನೊಂದು ಕಡೆಗೆ, ಹಾಳೆಯ ಅಂಚಿನವರೆಗೆ ಎಳೆದ. ಅವನ ಮನೆ ಇರುವುದು ಆ ಕಡೆ. ಆಗ ಮಕ್ಕಳೇ ಬಂದು ‘ಟೀಚರ್, ಹಾಳೆ ಸಾಲಲ್ಲ, ಇನ್ನೊಂದು ಅಂಟಿಸಿ’ ಎಂದರು. ಒಬ್ಬೊಬ್ಬರೇ ಕೂತು ಬಿಡಿಸುವ ಸ್ಪರ್ಧೆಯಲ್ಲಿ ಈ ಮಾತು ಬರುತ್ತಿರಲಿಲ್ಲ.

ಸೇರಿ ಚಿತ್ರ ಮಾಡುವುದು ನಮ್ಮ ಸೀಮೆಗೆ ಹೊಸದೇನಲ್ಲ. ದೀವರು ಸಮುದಾಯದ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವಾಗ ಹೆಂಗಸರು ಜೊತೆಯಾಗಿ ಕೂರುತ್ತಾರೆ, ಹಾಡೂ ಹೇಳುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ನೆನೆಸಿ ಅರೆದ ಅಕ್ಕಿಯ ಬಿಳಿ, ಕಪ್ಪಾಗುವಂತೆ ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ. ಭೂಮಿಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ಹಬ್ಬದ ಬುಟ್ಟಿಗೂ ಇದೇ ಚಿತ್ತಾರ. ನಮ್ಮ ಮಕ್ಕಳಲ್ಲಿ ಕೆಲವರ ಅಜ್ಜಿಯರಿಗೆ ಈ ಕೈ ಇನ್ನೂ ಇದೆ. ಒಬ್ಬರು ಶಾಲೆಗೇ ಬಂದು ಕೆಮ್ಮಣ್ಣು ಕಲಸಿಕೊಟ್ಟರು. ಉಳಿದ ಬಣ್ಣಗಳನ್ನು ಮಕ್ಕಳೇ ತಂದರು: ಬಸಳೆ ಹಣ್ಣಿನ ನೇರಳೆ, ಇದ್ದಿಲು, ಅರಿಶಿನ. ಅರಿಶಿನಕ್ಕೆ ಸುಣ್ಣದ ನೀರು ಬಿದ್ದು ಕೆಂಪಾದಾಗ ಎಲ್ಲರೂ ಎದ್ದು ಓಡಿ ಬಂದರು. ಖರ್ಚಾಗಿದ್ದು ಹಾಳೆಗೆ ಮಾತ್ರ.

‘ಗುಂಪು ಅಂದ್ರೆ ಒಬ್ಬರು ಮಾಡ್ತಾರೆ, ಉಳಿದವರು ಸುಮ್ನೆ ಕೂರ್ತಾರೆ’ ಎಂದು ಕೆಲವು ಶಿಕ್ಷಕ ಮಿತ್ರರು ಹೇಳುತ್ತಾರೆ. ಹತ್ತು ಮಕ್ಕಳನ್ನು ಒಂದು ಹಾಳೆಗೆ ಬಿಟ್ಟರೆ ಖಂಡಿತ ಹಾಗಾಗುತ್ತದೆ. ಐದಕ್ಕಿಂತ ಹೆಚ್ಚು ಬೇಡ. ಒಬ್ಬೊಬ್ಬರ ಕೈಗೆ ಒಂದೊಂದು ಬಣ್ಣ ಕೊಡಿ. ಬೇರೆ ಬಣ್ಣ ಬೇಕಾದರೆ ಕೇಳಿ ಪಡೆಯಬೇಕು. ಆಗ ಮಾತಾಡದ ಮಗುವಿನ ಹತ್ತಿರವೂ ಯಾರಾದರೂ ಹೋಗಲೇಬೇಕಾಗುತ್ತದೆ.

ಇನ್ನು ಪೇಟೆಯಲ್ಲಿ ‘ಗ್ರೂಪ್ ಪ್ರಾಜೆಕ್ಟ್’ ಹೆಸರಲ್ಲಿ ನಡೆಯುವುದನ್ನು ನೋಡಿದರೆ ಬೇಜಾರಾಗುತ್ತದೆ. ನನ್ನ ತಂಗಿಯ ಮಗಳಿಗೆ ಎರಡನೇ ತರಗತಿಯಲ್ಲಿ ಥರ್ಮಾಕೋಲಿನ ಹಳ್ಳಿ ಮಾಡಿ ತರಲು ಹೇಳಿದ್ದರು. ನಾಲ್ವರು ಅಮ್ಮಂದಿರು ವಾಟ್ಸ್ಆ್ಯಪ್ ಗುಂಪು ಮಾಡಿಕೊಂಡು, ರಾತ್ರಿ ಕೂತು ಕತ್ತರಿಸಿ ಅಂಟಿಸಿದರು. ಮಕ್ಕಳು ಮಲಗಿದ್ದರು. ಬೆಳಿಗ್ಗೆ ಅದಕ್ಕೆ ಎ ಪ್ಲಸ್ ಬಂತು. ಇಂಥದ್ದನ್ನು ಮನೆಗೆ ಕಳಿಸಬೇಡಿ. ಶಾಲೆಯಲ್ಲೇ, ಶಾಲೆಯ ಹೊತ್ತಿನಲ್ಲೇ, ಮಕ್ಕಳ ಕೈಯಲ್ಲೇ ಆಗಲಿ. ಸೊಟ್ಟಗಿದ್ದರೆ ಸೊಟ್ಟಗೇ ಇರಲಿ.

ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಯಿತು. ಅದು ನಮ್ಮ ಶಾಲೆಗಳಿಗೆ ಬಂದಾಗಿನಿಂದ ಚಿಕ್ಕ ಮಕ್ಕಳು ಗುಂಪಾಗಿ ಕೂತೇ ಕಲಿಯುತ್ತಿದ್ದಾರೆ. ಚಿತ್ರದ ವಿಷಯ ಬಂದಾಗ ಮಾತ್ರ ಅವರನ್ನು ಬೇರೆ ಬೇರೆ ಕೂರಿಸುತ್ತೇವೆ. ಶಿಕ್ಷಣ ಇಲಾಖೆ ನಡೆಸುವ ಪ್ರತಿಭಾ ಕಾರಂಜಿ ಸ್ಪರ್ಧೆಯಲ್ಲಿ ಬಣ್ಣ ಹಚ್ಚುವುದಕ್ಕೂ ಮಣ್ಣಿನ ಮಾದರಿಗೂ ಒಬ್ಬೊಬ್ಬರೇ ಕೂರಬೇಕು. ಬಹುಮಾನವಿಲ್ಲದ ಒಂದು ಗುಂಪು ಚಿತ್ರವನ್ನೂ ಅಲ್ಲಿ ಸೇರಿಸಿ ಎಂದು ಇಲಾಖೆಯನ್ನು ಕೇಳುತ್ತೇನೆ. ಶಾಲಾ ಅನುದಾನದಲ್ಲಿ ದೊಡ್ಡ ಹಾಳೆಯ ಸುರುಳಿಗೂ ಸ್ವಲ್ಪ ದುಡ್ಡು ಎತ್ತಿಡಲಿ. ಮಕ್ಕಳ ದಿನದ ಸ್ಪರ್ಧೆ ನಡೆಸುವ ಸಂಘಗಳವರು ಬಹುಮಾನದ ಹಣದಲ್ಲಿ ಹಾಳೆ, ಬಣ್ಣ ಕೊಡಿಸಿದರೆ ಊರಿನ ಎಲ್ಲ ಮಕ್ಕಳಿಗೂ ಸಿಗುತ್ತದೆ.

ನಿಮ್ಮಲ್ಲೂ ಒಂದು ಕೇಳಿಕೆ ಇದೆ. ಪತ್ರಿಕೆಗಳ ಮಕ್ಕಳ ಪುಟದಲ್ಲಿ ಒಂದು ಚಿತ್ರ, ಪಕ್ಕದಲ್ಲಿ ಒಂದು ಮಗುವಿನ ಫೋಟೊ ಬರುತ್ತದೆ. ಮಕ್ಕಳು ಸೇರಿ ಮಾಡಿದ ಚಿತ್ರಗಳನ್ನೂ ತರಿಸಿಕೊಂಡು ಪ್ರಕಟಿಸಿ. ಜಾಗ ಸಾಲದಿದ್ದರೆ ಚಿತ್ರ ಸ್ವಲ್ಪ ಚಿಕ್ಕದಾಗಲಿ, ಫೋಟೊ ಬಿಡಿ. ಐದು ಮಕ್ಕಳಲ್ಲಿ ಒಬ್ಬರ ಹೆಸರನ್ನೂ ಬಿಡಬೇಡಿ.

– ಒಬ್ಬ ಶಿಕ್ಷಕಿ, ಸಾಗರ ತಾಲ್ಲೂಕು